ಕಂಡ ಓಟವನ್ನೇ ಬರೆಯಿರಿ: ಪಂದ್ಯದ ಮಾತಿನಲ್ಲಿ ಜನಾಂಗದ ಅಚ್ಚು ಬೀಳದಂತೆ ನೋಡಿಕೊಳ್ಳುವುದು ಹೇಗೆ

ನಾನು ಪಂದ್ಯಗಳ ವರದಿ ಬರೆಯಲು ಶುರು ಮಾಡಿ ಹನ್ನೊಂದು ವರ್ಷವಾಯಿತು. ಅದರಲ್ಲಿ ಆರು ವರ್ಷ ಕಾಮೆಂಟರಿಯನ್ನೂ ಹೇಳಿದ್ದೇನೆ. ಈಗ ಹೊಸಬರು ಬರೆದದ್ದನ್ನು ತಿದ್ದುವ ಕೆಲಸವೂ ಸೇರಿಕೊಂಡಿದೆ. ಅವರಿಗೆ ಮೊದಲ ದಿನವೇ ನನ್ನದೊಂದು ಹಳೇ ವರದಿ ತೋರಿಸುತ್ತೇನೆ.

ಅದು ಒಂದು ಫುಟ್‌ಬಾಲ್ ಪಂದ್ಯದ ವರದಿ. ಕಪ್ಪು ವರ್ಣದ ವಿಂಗರ್ (ಮೈದಾನದ ಅಂಚಿನಿಂದ ದಾಳಿ ಮಾಡುವ ಆಟಗಾರ) ಒಬ್ಬರು 71ನೇ ನಿಮಿಷದಲ್ಲಿ ಗೋಲು ಹೊಡೆದಿದ್ದರು. ನಾನು ಬರೆದ ಸಾಲು ಇದು: ‘ಹುಟ್ಟಿನಿಂದಲೇ ಬಂದ ಮಿಂಚಿನ ವೇಗ, ಕಬ್ಬಿಣದಂಥ ಮೈಕಟ್ಟು. ಅವನನ್ನು ತಡೆಯುವವರೇ ಇರಲಿಲ್ಲ.’ ಮನಸಾರೆ ಹೊಗಳಿದ್ದೇನೆ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಅವರ ಸಂದರ್ಶನಕ್ಕೆ ಹೋದೆ. ತಂಡದ ಗೆಳೆಯರೊಬ್ಬರು ಆ ಸಾಲನ್ನು ಅವರಿಗೆ ಅರ್ಥ ಮಾಡಿ ಹೇಳಿದ್ದರಂತೆ. ಅವರು ಸಿಟ್ಟು ಮಾಡಲಿಲ್ಲ. ಫೋನ್ ತೆಗೆದು ಆ ಗೋಲಿನ ವಿಡಿಯೊ ಹಾಕಿ ಒಂದು ಕಡೆ ನಿಲ್ಲಿಸಿದರು. ‘ಈ ಡಿಫೆಂಡರ್ ಯಾವ ಕಡೆ ನೋಡ್ತಿದ್ದಾರೆ, ಹೇಳಿ’ ಅಂದರು. ಚೆಂಡಿನ ಕಡೆ. ‘ಇವರು ಚೆಂಡು ನೋಡೋಕೆ ಶುರು ಮಾಡಿದ್ರೆ ಎಡ ಭುಜದ ಹಿಂದೆ ನೋಡೋದೇ ಇಲ್ಲ. ಮೂರು ರಾತ್ರಿ ಕೂತು ಇವರ ಹಳೇ ಪಂದ್ಯ ನೋಡಿದ್ದೆ. ಇವರು ತಲೆ ತಿರುಗಿಸಿದ ತಕ್ಷಣ ನಾನು ಹೊರಟೆ. ಆಗ ಪಾಸ್ ಇನ್ನೂ ಬಂದೇ ಇರಲಿಲ್ಲ.’ ಆಮೇಲೆ ಒಂದು ಮಾತು ಸೇರಿಸಿದರು: ‘ನಮ್ಮ ತಂಡದಲ್ಲಿ ನನಗಿಂತ ಜೋರಾಗಿ ಓಡೋರು ನಾಲ್ಕು ಜನ ಇದ್ದಾರೆ.’

ಮೂರು ರಾತ್ರಿಯ ಕೆಲಸವನ್ನು ನಾನು ‘ಹುಟ್ಟಿನಿಂದಲೇ’ ಅನ್ನೋ ಒಂದು ಮಾತಿನಲ್ಲಿ ಅಳಿಸಿ ಹಾಕಿದ್ದೆ. ಅದೇ ವರದಿಯಲ್ಲಿ, ಎರಡು ಪ್ಯಾರಾ ಕೆಳಗೆ, ಬಿಳಿ ಮಿಡ್‌ಫೀಲ್ಡರ್ ಒಬ್ಬರ ಬಗ್ಗೆ ‘ಚದುರಂಗದವರ ಹಾಗೆ ಎರಡು ನಡೆ ಮುಂದೆ ಯೋಚಿಸುತ್ತಾರೆ’ ಅಂತ ಬರೆದಿದ್ದೆ. ಮುಂದೆ ಯೋಚಿಸಿದ್ದು ಇಬ್ಬರೂ. ತಲೆಯ ಲೆಕ್ಕಕ್ಕೆ ಬರೆದದ್ದು ಒಬ್ಬರನ್ನು ಮಾತ್ರ.

ಬೈಗುಳದಲ್ಲಿ ಇರುವ ಜನಾಂಗದ್ವೇಷ ಯಾರಿಗಾದರೂ ಕಾಣುತ್ತದೆ. ಹೊಗಳಿಕೆಯಲ್ಲಿ ಕೂತಿರುವ ಪೂರ್ವಗ್ರಹ, ಅಂದರೆ ಜನಾಂಗ ನೋಡಿ ಮೊದಲೇ ತಯಾರಾಗಿರುವ ಮಾತಿನ ಅಚ್ಚು, ಹೊಗಳುವವರಿಗೇ ಕಾಣುವುದಿಲ್ಲ. ಅದನ್ನು ಹುಡುಕಿ ತೆಗೆಯಲು ನಾನು ಆಮೇಲೆ ರೂಢಿ ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವರದಿ ಬರೆಯುವವರು, ಕಾಮೆಂಟರಿ ಹೇಳುವವರು, ಆಟಗಾರರನ್ನು ಆರಿಸುವ ಕೋಚ್‌ಗಳು, ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಪಂದ್ಯ ನೋಡುವವರು, ಯಾರು ಬೇಕಾದರೂ ಮಾಡಬಹುದು.

ಮೊದಲು ನಿಮ್ಮ ಹಳೇ ಮಾತು ಎಣಿಸಿ

ನಿಮ್ಮ ಕೊನೆಯ ಹತ್ತು ವರದಿ ತೆಗೆಯಿರಿ. ಕಾಮೆಂಟರಿ ಆದರೆ ಎರಡು ಪಂದ್ಯದ ಧ್ವನಿಮುದ್ರಣ ಸಾಕು. ಒಂದು ಹಾಳೆಯಲ್ಲಿ ನಾಲ್ಕು ಮನೆ ಗೀಚಿ: ಮೈ, ತಲೆ, ದುಡಿಮೆ, ಸ್ವಭಾವ. ಆಟಗಾರರ ಬಗ್ಗೆ ನೀವು ಆಡಿದ ಒಂದೊಂದು ಮಾತನ್ನೂ ಯಾವುದಾದರೂ ಒಂದು ಮನೆಗೆ ಹಾಕಿ. ವೇಗ, ಬಲ, ಜಿಗಿತ, ಮೈಕಟ್ಟು ಮೈ ಮನೆಗೆ. ಚಾಣಾಕ್ಷ, ಲೆಕ್ಕಾಚಾರ, ಆಟ ಓದುವುದು ತಲೆ ಮನೆಗೆ. ಬೆವರು, ಶಿಸ್ತು, ಅಭ್ಯಾಸ ದುಡಿಮೆಗೆ. ಶಾಂತ, ಮುಂಗೋಪಿ, ಸೋಮಾರಿ ಇಂಥವು ಸ್ವಭಾವಕ್ಕೆ.

ಈಗಲೇ ಹೆಸರು ಬರೆಯಬೇಡಿ. ಬರೀ ಮಾತು ಬರೆಯಿರಿ. ಎಲ್ಲ ಮುಗಿದ ಮೇಲೆ ಪಕ್ಕದಲ್ಲಿ ಹೆಸರು ಹಾಕಿ. ಇದನ್ನು ಹಿಂದುಮುಂದು ಮಾಡಬೇಡಿ. ಹೆಸರು ಮೊದಲೇ ಕಣ್ಣಿಗೆ ಬಿದ್ದರೆ ಕೈ ತಾನಾಗಿಯೇ ಮಾತನ್ನು ತನಗೆ ಅನುಕೂಲವಾದ ಮನೆಗೆ ತಳ್ಳಿಬಿಡುತ್ತದೆ.

ನನ್ನ ಹಾಳೆಯಲ್ಲಿ ಮೈ ಮನೆ ತುಂಬಾ ಕಪ್ಪು ಆಟಗಾರರು, ತಲೆ ಮನೆ ತುಂಬಾ ಬಿಳಿಯರು. ಒಂದಿಬ್ಬರು ಮಾತ್ರ ಆಚೀಚೆ ಇದ್ದರು. ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಇದು ನನ್ನೊಬ್ಬಳ ಕಥೆ ಅಲ್ಲ. 2020ರಲ್ಲಿ ರನ್‌ರಿಪೀಟ್ ಎಂಬ ಸಂಸ್ಥೆ ಇದೇ ಎಣಿಕೆಯನ್ನು ದೊಡ್ಡದಾಗಿ ಮಾಡಿತು. ಇಂಗ್ಲೆಂಡ್, ಇಟಲಿ, ಸ್ಪೇನ್, ಫ್ರಾನ್ಸ್‌ನ ಲೀಗ್‌ಗಳ 80 ಫುಟ್‌ಬಾಲ್ ಪಂದ್ಯಗಳ ಇಂಗ್ಲಿಷ್ ಕಾಮೆಂಟರಿಯಿಂದ 2,073 ಮಾತು ಆರಿಸಿ ನೋಡಿದರು. ಬುದ್ಧಿವಂತಿಕೆಯನ್ನು ಹೊಗಳಿದ ಮಾತಿನಲ್ಲಿ ಸುಮಾರು 63% ತಿಳಿ ಬಣ್ಣದ ಆಟಗಾರರಿಗೆ ಹೋಗಿತ್ತು. ಬುದ್ಧಿ ಸಾಲದು ಎಂದು ಟೀಕಿಸಿದ ಮಾತಿನಲ್ಲಿ ಸುಮಾರು 63% ಕಡು ಬಣ್ಣದವರಿಗೆ ಹೋಗಿತ್ತು. ಬಲದ ಮಾತು ಬಂದಾಗ ಅದು ಕಡು ಬಣ್ಣದ ಆಟಗಾರರ ಬಗ್ಗೆ ಆಗಿರುವ ಸಾಧ್ಯತೆ ಆರೂವರೆ ಪಟ್ಟು ಜಾಸ್ತಿ ಇತ್ತು. ವೇಗದ ಮಾತಿನಲ್ಲಿ ಮೂರು ಪಟ್ಟಿಗೂ ಜಾಸ್ತಿ. ಆ ಕಾಮೆಂಟೇಟರ್‌ಗಳಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಮಾತಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ನಾನೂ ಹಾಗೆ ಬರೆದಿರಲಿಲ್ಲ.

ಕನ್ನಡದಲ್ಲಿ ಬರೆಯುವವರು ಹಾಳೆಯಲ್ಲಿ ಐದನೇ ಮನೆಯೊಂದನ್ನೂ ಮಾಡಿ. ಅದು ಏಕವಚನ, ಬಹುವಚನದ ಮನೆ. ನನ್ನ ಹಳೇ ಸಾಲನ್ನು ಇನ್ನೊಮ್ಮೆ ಓದಿ. ವಿಂಗರ್‌ಗೆ ‘ಅವನನ್ನು’, ಮಿಡ್‌ಫೀಲ್ಡರ್‌ಗೆ ‘ಯೋಚಿಸುತ್ತಾರೆ’. ಒಂದೇ ವರದಿ, ಒಂದೇ ಕೈ. ಇದು ಗಮನಕ್ಕೆ ಬಂದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾರಿಗೆ ‘ಹೊಡೆದ’, ಯಾರಿಗೆ ‘ಹೊಡೆದರು’ ಎಂದು ಇಡೀ ವರದಿಯಲ್ಲಿ ಗುರುತು ಹಾಕಿ ನೋಡಿ. ನಿಮ್ಮ ಪತ್ರಿಕೆಯಲ್ಲಿ ಆಟಗಾರರಿಗೆಲ್ಲ ಏಕವಚನ ಬಳಸುವ ರೂಢಿ ಇದ್ದರೆ ಇರಲಿ, ತೊಂದರೆ ಇಲ್ಲ. ಆದರೆ ಎಲ್ಲರಿಗೂ ಒಂದೇ ಆಗಿರಬೇಕು.

ಕಣ್ಣು ಮುಚ್ಚಿ ಕೇಳಿ, ಕಿವಿ ಮುಚ್ಚಿ ನೋಡಿ

1997ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಬಾಸ್ಕೆಟ್‌ಬಾಲ್ ಪಂದ್ಯವೊಂದರ ರೇಡಿಯೊ ಕಾಮೆಂಟರಿ ಕೇಳಿಸಿದರು. ಎಲ್ಲರಿಗೂ ಅದೇ ಪಂದ್ಯ, ಅದೇ ಆಟಗಾರ. ಆದರೆ ಕೆಲವರಿಗೆ ಅವರು ಕಪ್ಪು ಆಟಗಾರ ಅಂತ ಫೋಟೊ ತೋರಿಸಿದರು, ಕೆಲವರಿಗೆ ಬಿಳಿ ಆಟಗಾರ ಅಂತ. ಕಪ್ಪು ಅಂತ ತಿಳಿದವರು ಮೈಯ ಸಾಮರ್ಥ್ಯಕ್ಕೆ ಜಾಸ್ತಿ ಅಂಕ ಕೊಟ್ಟರು. ಬಿಳಿ ಅಂತ ತಿಳಿದವರು ಆಟದ ಬುದ್ಧಿಗೆ, ಶ್ರಮಕ್ಕೆ ಜಾಸ್ತಿ ಕೊಟ್ಟರು. ಕಿವಿಗೆ ಬಿದ್ದದ್ದು ಒಂದೇ ಮಾತು ಅಲ್ವಾ. ಉಳಿದದ್ದನ್ನು ಫೋಟೊ ಹೇಳಿತ್ತು.

ಇದನ್ನು ಮನೆಯಲ್ಲೇ ಮಾಡಬಹುದು. ನೀವು ಸರಿಯಾಗಿ ತಿಳಿಯದ ಲೀಗ್‌ನ ಪಂದ್ಯವೊಂದನ್ನು ಆರಿಸಿ. ಮೊದಲ ಹತ್ತು ನಿಮಿಷ ಪರದೆ ಮುಚ್ಚಿ ಧ್ವನಿ ಮಾತ್ರ ಕೇಳಿ. ಯಾವ ಮಾತು ಕೇಳಿದಾಗ ಮನಸ್ಸಿನಲ್ಲಿ ಯಾವ ಮುಖ ಮೂಡಿತು ಅಂತ ಬರೆದುಕೊಳ್ಳಿ. ಆಮೇಲೆ ಅದೇ ಹತ್ತು ನಿಮಿಷವನ್ನು ಧ್ವನಿ ಇಲ್ಲದೆ ನೋಡಿ, ನಿಮ್ಮದೇ ಕಾಮೆಂಟರಿ ಹೇಳಿ. ಹೊಸಬರಿಗೆ ನಾನು ಕೊಡುವ ಮೊದಲ ಕೆಲಸ ಇದೇ. ಹತ್ತು ನಿಮಿಷ ಸಾಕಾಗುತ್ತದೆ, ಜಾಸ್ತಿ ಬೇಡ.

ಆಟಗಾರ ಹೇಗಿದ್ದಾರೆ ಅನ್ನೋದು ಬಿಡಿ, ಏನು ಮಾಡಿದರು ಹೇಳಿ

ಇಡೀ ಬರಹದಲ್ಲಿ ಒಂದೇ ಒಂದು ಕ್ರಮ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಬಣ್ಣಿಸುವ ಪದ ಬಾಯಿಗೆ ಬಂದಾಗ ತಡೆಯಿರಿ. ಅದರ ಜಾಗದಲ್ಲಿ ಕಂಡ ಕೆಲಸವನ್ನು ಇಡಿ. ಪಾದ ಎಲ್ಲಿತ್ತು, ಭುಜ ಯಾವ ಕಡೆ ತಿರುಗಿತ್ತು, ಯಾವಾಗ ಹೊರಟರು, ಯಾರನ್ನು ನೋಡಿದರು. ಕಂಡದ್ದನ್ನು ಹೇಳಲು ಹೊರಟರೆ ಅಚ್ಚಿನ ಮಾತಿಗೆ ಜಾಗವೇ ಉಳಿಯುವುದಿಲ್ಲ.

ನನ್ನ ಹಳೇ ಸಾಲನ್ನು ಇವತ್ತು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ಡಿಫೆಂಡರ್ ಚೆಂಡಿನ ಕಡೆ ತಲೆ ತಿರುಗಿಸಿದ ಕ್ಷಣಕ್ಕೆ, ಅವರ ಎಡ ಭುಜದ ಹಿಂದಿನಿಂದ ವಿಂಗರ್ ಹೊರಟಾಗಿತ್ತು. ಪಾಸ್ ಬರುವ ಹೊತ್ತಿಗೆ ಎರಡು ಗಜ ಮುಂದಿದ್ದರು. ಗೋಲ್‌ಕೀಪರ್ ಮುಂದೆ ಬರುವುದನ್ನು ಕಾದು, ಚೆಂಡನ್ನು ಅವರ ಕಾಲ ಸಂದಿಯಲ್ಲಿ ತಳ್ಳಿದರು.’ ಉದ್ದವಾಯಿತು, ನಿಜ. ಆದರೆ ಪಂದ್ಯ ನೋಡದವರಿಗೆ ಈಗ ಗೋಲು ಕಾಣುತ್ತದೆ.

ಟೆನಿಸ್‌ನಿಂದ ಒಂದು ಉದಾಹರಣೆ. ಸೆರೆನಾ ವಿಲಿಯಮ್ಸ್ ಸಿಂಗಲ್ಸ್‌ನಲ್ಲಿ 23 ಗ್ರ್ಯಾನ್ ಸ್ಲಾಮ್ ಗೆದ್ದವರು. ಅವರ ಸರ್ವ್ ಬಗ್ಗೆ ‘ಬಲ’, ‘ಅಬ್ಬರ’, ‘ಸಿಡಿಲು’ ಅಂತ ಎಷ್ಟು ಸಲ ಓದಿದ್ದೇವೆ. ಒಮ್ಮೆ ಸುಮ್ನೆ ಅವರ ಎಡಗೈ ಮಾತ್ರ ನೋಡಿ. ಚೆಂಡನ್ನು ಮೇಲೆ ಎಸೆಯುವ ಆ ಟಾಸ್ ಪ್ರತಿ ಸಲ ಹೆಚ್ಚುಕಡಿಮೆ ಅದೇ ಜಾಗಕ್ಕೆ ಹೋಗುತ್ತದೆ. ಸರ್ವ್ ಅಗಲಕ್ಕೆ ಬರುತ್ತದೋ ಮಧ್ಯಕ್ಕೆ ಬರುತ್ತದೋ ಅಂತ ಎದುರಿನವರಿಗೆ ಟಾಸ್ ನೋಡಿ ಊಹಿಸಲು ಆಗುವುದಿಲ್ಲ. ಅದು ಮೈಯಿಂದ ಬಂದ ವರ ಅಲ್ಲ. ಚಿಕ್ಕ ವಯಸ್ಸಿನಿಂದ ಸಾವಿರಾರು ಸಲ ಅದೇ ಕೈ, ಅದೇ ಎತ್ತರಕ್ಕೆ ಮಾಡಿದ ಕೆಲಸ. ‘ಬಲ’ ಅಂದರೆ ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದನ್ನೇ ಬಿಟ್ಟಂತೆ.

ಕ್ರಿಕೆಟ್‌ನಲ್ಲಿ ನಮ್ಮ ಕನ್ನಡದ ಮಾತಿನದೇ ಒಂದು ದೊಡ್ಡ ಸಮಸ್ಯೆ ಇದೆ. ‘ಕೆರಿಬಿಯನ್ ದೈತ್ಯ.’ ವೆಸ್ಟ್ ಇಂಡೀಸ್‌ನ ಯಾರೇ ಬ್ಯಾಟ್ ಬೀಸಿದರೂ ಈ ಮಾತು ತಯಾರಾಗಿ ಕೂತಿರುತ್ತದೆ. ಕ್ರಿಸ್ ಗೇಲ್ ಅವರಿಗಂತೂ ಎಷ್ಟು ಸಲ ಅಂಟಿಸಿದ್ದೇವೋ. ಅದೇ ಗೇಲ್ ಟೆಸ್ಟ್‌ನಲ್ಲಿ ಎರಡು ತ್ರಿಶತಕ ಹೊಡೆದಿದ್ದಾರೆ. 2005ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 317, 2010ರಲ್ಲಿ ಗಾಲೆಯಲ್ಲಿ ಶ್ರೀಲಂಕಾ ವಿರುದ್ಧ 333. ಟೆಸ್ಟ್‌ನಲ್ಲಿ ಎರಡು ಸಲ ಮುನ್ನೂರು ದಾಟಿದವರು ಕೈ ಬೆರಳಲ್ಲಿ ಎಣಿಸುವಷ್ಟು ಜನ. ಬ್ರಾಡ್ಮನ್, ಲಾರಾ, ಸೆಹ್ವಾಗ್ ಜೊತೆ ಗೇಲ್. ಅಷ್ಟು ಹೊತ್ತು ಕ್ರೀಸ್‌ನಲ್ಲಿ ನಿಲ್ಲಲು ಯಾವ ಚೆಂಡು ಬಿಡಬೇಕು ಅನ್ನೋ ಲೆಕ್ಕ ಬೇಕು, ತಾಳ್ಮೆ ಬೇಕು. ‘ದೈತ್ಯ’ ಅಂದ ಕೂಡಲೇ ಆ ಲೆಕ್ಕ, ಆ ತಾಳ್ಮೆ ಎರಡೂ ಮರೆಯಾಗುತ್ತವೆ. ರಾಹುಲ್ ದ್ರಾವಿಡ್ ಅವರಿಗೆ ‘ಗೋಡೆ’ ಅಂತ ಹೆಸರು ಬಂತು. ಆ ಹೆಸರು ಅವರು ಮಾಡುವ ಕೆಲಸದಿಂದ ಬಂದದ್ದು, ಮೈಯಿಂದಲ್ಲ. ಅಡ್ಡಹೆಸರು ಇಡುವಾಗ ಇಷ್ಟು ಕೇಳಿಕೊಂಡರೆ ಸಾಕು: ಇದು ಕೆಲಸದಿಂದ ಬಂತಾ, ಚರ್ಮದಿಂದ ಬಂತಾ?

ವೆಸ್ಟ್ ಇಂಡೀಸ್‌ನ ವೇಗದ ಬೌಲರ್‌ಗಳ ವಿಷಯವೂ ಹಾಗೇ. ಜೋಯೆಲ್ ಗಾರ್ನರ್ ಆರು ಅಡಿ ಎಂಟು ಇಂಚು ಇದ್ದರು. ಮಾಲ್ಕಮ್ ಮಾರ್ಷಲ್ ಆರು ಅಡಿಯೂ ಇರಲಿಲ್ಲ. ಆದರೂ 81 ಟೆಸ್ಟ್‌ನಲ್ಲಿ 376 ವಿಕೆಟ್, ಸರಾಸರಿ 21ಕ್ಕಿಂತ ಕಡಿಮೆ. 1984ರಲ್ಲಿ ಇಂಗ್ಲೆಂಡ್‌ನ ಹೆಡಿಂಗ್ಲೆಯಲ್ಲಿ ಎಡಗೈ ಹೆಬ್ಬೆರಳು ಮುರಿದಿತ್ತು, ಪ್ಲಾಸ್ಟರ್ ಹಾಕಿಕೊಂಡೇ ಬಂದು 53 ರನ್‌ಗೆ 7 ವಿಕೆಟ್ ತೆಗೆದರು. ಬ್ಯಾಟ್ಸ್‌ಮನ್‌ನ ಕಾಲು ಹೇಗೆ ಸರಿಯುತ್ತದೆ ಅಂತ ಓದಿ, ಅದಕ್ಕೆ ತಕ್ಕಂತೆ ಚೆಂಡನ್ನು ಎರಡೂ ಕಡೆ ತಿರುಗಿಸುತ್ತಿದ್ದ ಬೌಲರ್ ಅವರು. ಇಂಥವರನ್ನು ‘ಬೆಂಕಿ ಚೆಂಡು’ ಅಂತ ಮಾತ್ರ ಬರೆದರೆ ಅವರ ಬೌಲಿಂಗ್‌ನ ಅರ್ಧ ಭಾಗವನ್ನು ನಾವು ನೋಡಲೇ ಇಲ್ಲ ಅಂತ ಅರ್ಥ.

ನನ್ನ ಮೇಜಿನ ಮೇಲೆ ಕೆಲವು ಪದಗಳ ಚೀಟಿ ಅಂಟಿಸಿದ್ದೇನೆ. ಹುಟ್ಟಾ, ಜನ್ಮಜಾತ, ದೈತ್ಯ, ಚಿರತೆ, ಪ್ರಾಣಿಯಂಥ, ಕಾಡು, ಯಂತ್ರದಂಥ, ನಿಗೂಢ. ಇವನ್ನು ನಿಷೇಧ ಮಾಡಿಲ್ಲ. ಬರೆಯುವಾಗ ಇವು ಬಂದರೆ ನಿಲ್ಲಬೇಕು, ಅಷ್ಟೆ. ಪ್ರಾಣಿಗೆ ಹೋಲಿಸುವ ಮಾತಿನಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಕಪ್ಪು ಆಟಗಾರರನ್ನು ನೋಡಿ ಪ್ರೇಕ್ಷಕರು ಕೋತಿಯ ಸದ್ದು ಮಾಡುವುದು, ಬಾಳೆಹಣ್ಣು ಎಸೆಯುವುದು ಯುರೋಪಿನ ಮೈದಾನಗಳಲ್ಲಿ ಮತ್ತೆ ಮತ್ತೆ ನಡೆದಿದೆ. ಅದು ಗೊತ್ತಿದ್ದೂ ‘ಚಿರತೆ’ ಅಂತ ಪ್ರೀತಿಯಿಂದ ಬರೆಯುತ್ತೇನೆ ಅನ್ನೋದು ನನಗೆ ಒಪ್ಪಿಗೆ ಇಲ್ಲ.

‘ಆದರೂ’ ಅನ್ನೋ ಮಾತನ್ನು ಹಿಡಿಯಿರಿ

‘ನೋಡಿದರೆ ಹಾಗನ್ನಿಸದಿದ್ದರೂ ವೇಗ ಇದೆ.’ ಈ ಸಾಲು ನಿಮ್ಮ ಕಡತದಲ್ಲಿ ಇದ್ದರೆ ಯಾರ ಬಗ್ಗೆ ಬರೆದದ್ದು ನೋಡಿ. ಬಹುಶಃ ಏಷ್ಯಾ ಮೂಲದ ಆಟಗಾರರ ಬಗ್ಗೆ ಇರುತ್ತದೆ, ಇಲ್ಲವೇ ಬಾಸ್ಕೆಟ್‌ಬಾಲ್‌ನ ಬಿಳಿ ಆಟಗಾರರ ಬಗ್ಗೆ.

ಜೆರೆಮಿ ಲಿನ್ ತೈವಾನ್ ಮೂಲದ ಅಮೆರಿಕನ್. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 2010ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ದಿನ) ಯಾವ ತಂಡವೂ ಅವರನ್ನು ಆರಿಸಲಿಲ್ಲ. 2012ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ನಿಕ್ಸ್‌ನಲ್ಲಿ ಅವಕಾಶ ಸಿಕ್ಕಿತು. ಮೊದಲು ನೆಟ್ಸ್ ವಿರುದ್ಧ 25 ಅಂಕ, ಆರೇ ದಿನಕ್ಕೆ ಲೇಕರ್ಸ್ ವಿರುದ್ಧ 38. ಎಲ್ಲರೂ ಪವಾಡ ಅಂದರು. ಆಟ ಮೊದಲೂ ಅದೇ ಇತ್ತು. ನೋಡುವವರ ಕಣ್ಣಿನಲ್ಲಿ ಇಂಥ ಮುಖಕ್ಕೆ ಜಾಗ ಇರಲಿಲ್ಲ.

ಸು ಬಿಂಗ್‌ಟಿಯನ್ ಅವರದು ನನಗೆ ಇನ್ನೂ ಇಷ್ಟದ ಉದಾಹರಣೆ. ಚೀನಾದ ಓಟಗಾರ, ಎತ್ತರ 172 ಸೆಂಟಿಮೀಟರ್. ‘ಏಷ್ಯಾದವರಿಗೆ 100 ಮೀಟರ್ ಓಟ ಆಗಿ ಬರಲ್ಲ’ ಅನ್ನೋ ಮಾತು ಎಷ್ಟು ಹಳೆಯದು. ಅವರು ವರ್ಷಗಟ್ಟಲೆ ರೂಢಿಯಾಗಿದ್ದ ಕ್ರಮ ಬಿಟ್ಟು, ಓಟ ಶುರು ಮಾಡಲು ಕಾಲೂರುವ ಬ್ಲಾಕ್‌ನಲ್ಲಿ ಮುಂದಿಡುವ ಕಾಲನ್ನೇ ಬದಲಿಸಿದರು. ಓಟಗಾರರಿಗೆ ಅದು ಬರೆಯುವ ಕೈ ಬದಲಿಸಿದಷ್ಟು ಕಷ್ಟ. ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ 9.83 ಸೆಕೆಂಡು. ಆಗ ಅವರಿಗೆ 31 ವರ್ಷ. ‘ಏಷ್ಯಾದವರಾಗಿದ್ದರೂ’ ಅಂತ ಬರೆದರೆ ಓದುಗರ ಕಣ್ಣು ಮುಖದ ಮೇಲೆ ನಿಲ್ಲುತ್ತದೆ. ‘ಕಾಲು ಬದಲಿಸಿ’ ಅಂತ ಬರೆದರೆ ಕಾಲಿನ ಮೇಲೆ.

ಯಾವ ಜಾಗ ಯಾರಿಗೆ ಅಂತ ನೋಡಿ

ಅಚ್ಚು ಬರೀ ಮಾತಿನಲ್ಲಿ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಕೆಲಸ ಕಸಿಯುತ್ತದೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ತಂಡದ ತಲೆ ಇದ್ದ ಹಾಗೆ. ಎದುರಾಳಿಗಳು ನಿಂತ ರೀತಿ ನೋಡಿ, ಕೆಲವೇ ಸೆಕೆಂಡಿನಲ್ಲಿ ಚೆಂಡು ಯಾರಿಗೆ ಅಂತ ತೀರ್ಮಾನಿಸುವವರು. ಬಹಳ ಕಾಲ ಆ ಜಾಗಕ್ಕೆ ಕಪ್ಪು ಆಟಗಾರರನ್ನು ಹತ್ತಿರ ಬಿಡುತ್ತಿರಲಿಲ್ಲ. ‘ನೀನು ಜೋರಾಗಿ ಓಡ್ತೀಯ, ಚೆಂಡು ಹಿಡಿಯುವ ಜಾಗಕ್ಕೆ ಹೋಗು’ ಅನ್ನುತ್ತಿದ್ದರು. ಮಾರ್ಲಿನ್ ಬ್ರಿಸ್ಕೊ 1968ರಲ್ಲಿ ಡೆನ್ವರ್ ಬ್ರಾಂಕೋಸ್‌ಗೆ ಕ್ವಾರ್ಟರ್‌ಬ್ಯಾಕ್ ಆಗಿ ಮೊದಲ ವರ್ಷವೇ 14 ಟಚ್‌ಡೌನ್ ಪಾಸ್ (ನೇರ ಅಂಕ ತರುವ ಪಾಸ್) ಎಸೆದರು. ಮುಂದಿನ ವರ್ಷ ಬೇರೆ ತಂಡ, ಬೇರೆ ಜಾಗ. ಅವರು ಚೆಂಡು ಹಿಡಿಯುವ ರಿಸೀವರ್ ಆಗಬೇಕಾಯಿತು. ವಾರೆನ್ ಮೂನ್ ಅವರನ್ನು 1978ರ ಡ್ರಾಫ್ಟ್‌ನಲ್ಲಿ ಈ ಆಟದ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ಯಾವ ತಂಡವೂ ಕರೆಯಲಿಲ್ಲ. ಅವರು ಜಾಗ ಬದಲಿಸಲು ಒಪ್ಪಲಿಲ್ಲ. ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದ ಜೊತೆ ಸತತ ಐದು ಸಲ ಅಲ್ಲಿನ ಲೀಗ್‌ನ ಗ್ರೇ ಕಪ್ ಗೆದ್ದರು. 1984ರಲ್ಲಿ ಹ್ಯೂಸ್ಟನ್ ಆಯಿಲರ್ಸ್ ಕರೆಸಿಕೊಂಡಿತು. 2006ರಲ್ಲಿ ಅವರ ಹೆಸರು ಆಟದ ದಿಗ್ಗಜರ ಪಟ್ಟಿಗೆ, ಹಾಲ್ ಆಫ್ ಫೇಮ್‌ಗೆ, ಸೇರಿತು.

1988ರ ಜನವರಿಯಲ್ಲಿ ಡಗ್ ವಿಲಿಯಮ್ಸ್ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಆರಂಭದಿಂದಲೇ ಆಡಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದರು. ಎರಡನೇ ಕ್ವಾರ್ಟರ್ ಒಂದರಲ್ಲೇ ನಾಲ್ಕು ಟಚ್‌ಡೌನ್ ಪಾಸ್. ಅವರ ತಂಡ ವಾಷಿಂಗ್ಟನ್ 42–10ರಿಂದ ಗೆದ್ದಿತು. ಇಷ್ಟಾದ ಮೇಲೆ ಅಚ್ಚು ಒಡೆಯಬೇಕಿತ್ತು. ಒಡೆಯಲಿಲ್ಲ. ಮೂವತ್ತು ವರ್ಷ ಕಳೆದು, 2018ರಲ್ಲಿ, ಲಮಾರ್ ಜಾಕ್ಸನ್ ಅವರಿಗೂ ‘ರಿಸೀವರ್ ಆಗು’ ಅಂತ ಹೇಳಿದವರು ಇದ್ದರು. ಅವರು ಡ್ರಾಫ್ಟ್‌ನಲ್ಲಿ 32ನೆಯವರಾಗಿ ಹೋದರು. 2019ರ ಸೀಸನ್‌ನಲ್ಲಿ 36 ಟಚ್‌ಡೌನ್ ಪಾಸ್ ಎಸೆದು ಇಡೀ ಲೀಗ್‌ಗೆ ಮೊದಲಿಗರಾದರು. ಅತ್ಯುತ್ತಮ ಆಟಗಾರ ಪ್ರಶಸ್ತಿಗೆ ಎಲ್ಲ ಮತಗಳೂ ಅವರಿಗೇ ಬಿದ್ದವು. ಎರಡೂ ಕಡೆ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳೇ ಆರಂಭಿಸಿದ ಮೊದಲ ಸೂಪರ್ ಬೌಲ್ ನಡೆದದ್ದು 2023ರಲ್ಲಿ.

ಕ್ರಿಕೆಟ್‌ನಲ್ಲೂ ಇದೇ. ವೆಸ್ಟ್ ಇಂಡೀಸ್ ತಂಡದಲ್ಲಿ ರನ್ ಹೊಡೆದವರು, ವಿಕೆಟ್ ತೆಗೆದವರು ಎಷ್ಟೋ ಜನ ಕಪ್ಪು ಆಟಗಾರರು. ನಾಯಕತ್ವ ಮಾತ್ರ ಬಿಳಿಯರಿಗೆ. ಇಡೀ ಸರಣಿಗೆ ನಾಯಕನಾದ ಮೊದಲ ಕಪ್ಪು ಆಟಗಾರ ಫ್ರಾಂಕ್ ವೊರೆಲ್, ಅದೂ 1960–61ರ ಆಸ್ಟ್ರೇಲಿಯಾ ಪ್ರವಾಸದಲ್ಲಿ. ಬ್ರಿಸ್ಬೇನ್‌ನಲ್ಲಿ ಟೈ ಆದ ಆ ಪ್ರಸಿದ್ಧ ಟೆಸ್ಟ್ ಅವರ ನಾಯಕತ್ವದಲ್ಲೇ ನಡೆದದ್ದು.

ಇನ್ನೊಂದು ಸಂಗತಿ ಓದಿದಾಗ ನನಗೆ ಮೈ ಉರಿದಿತ್ತು. ಆಡುವಾಗ ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಹಾನಿಯಾದ ನಿವೃತ್ತ ಆಟಗಾರರಿಗೆ ಎನ್‌ಎಫ್‌ಎಲ್ ಪರಿಹಾರ ಕೊಡಬೇಕಿತ್ತು. ಹಾನಿ ಅಳೆಯುವ ಲೆಕ್ಕದಲ್ಲಿ, ಕಪ್ಪು ಆಟಗಾರರ ಬುದ್ಧಿಶಕ್ತಿ ಮೊದಲಿನಿಂದಲೇ ಸ್ವಲ್ಪ ಕಡಿಮೆ ಅಂತ ಹಿಡಿದು ಲೆಕ್ಕ ಹಾಕುವ ಕ್ರಮ ಬಳಸುತ್ತಿದ್ದರು. ಮೊದಲೇ ಕಡಿಮೆ ಅಂದಮೇಲೆ ಕಳೆದುಕೊಂಡದ್ದೂ ಕಡಿಮೆ ಅಂತ ಬರುತ್ತದೆ, ಅಲ್ವಾ? ಪರಿಹಾರ ಪಡೆಯುವುದೇ ಕಷ್ಟವಾಗುತ್ತದೆ. ಇಬ್ಬರು ಮಾಜಿ ಆಟಗಾರರು 2020ರಲ್ಲಿ ಕೋರ್ಟಿಗೆ ಹೋದರು. 2021ರಲ್ಲಿ ಲೀಗ್ ಆ ಕ್ರಮ ಬಿಡುವುದಾಗಿ ಒಪ್ಪಿತು. ವರದಿಯಲ್ಲಿ ‘ಮೈ’ ಅಂತ ಬರೆದ ನನ್ನ ಸಾಲಿಗೂ ಈ ಲೆಕ್ಕಕ್ಕೂ ಬೇರು ಒಂದೇ.

ಹಾಗಾಗಿ ಕೋಚ್‌ಗಳು, ಆಯ್ಕೆಗಾರರು ಹೀಗೆ ಮಾಡಿ. ಹೊಸ ಆಟಗಾರರ ಬಗ್ಗೆ ಟಿಪ್ಪಣಿ ಬರೆಯುವಾಗ ಯಾವ ಜಾಗಕ್ಕೆ ಅಂತ ಮೊದಲೇ ಬರೆಯಬೇಡಿ. ಮೊದಲು ತೀರ್ಮಾನ ಬೇಕಾಗುವ ಸಂದರ್ಭ ಕೊಟ್ಟು ನೋಡಿ. ಎದುರಿಗೆ ಇಬ್ಬರು, ಪಕ್ಕದಲ್ಲಿ ಒಬ್ಬರು, ಪಾಸ್ ಯಾವಾಗ ಕೊಟ್ಟರು? ಅದನ್ನು ಬರೆದ ಮೇಲೆ ಓಟದ ವೇಗ ಅಳೆಯಿರಿ. ಗಡಿಯಾರ ಹಿಡಿದೇ ಅಳೆಯಿರಿ, ಕಣ್ಣಂದಾಜು ಬೇಡ.

ಆಟಗಾರರ ಮುಂದೆ ಏನು ಹೇಳುತ್ತೀರಿ ಅನ್ನೋದೂ ಮುಖ್ಯ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಪ್ಪು, ಬಿಳಿ ವಿದ್ಯಾರ್ಥಿಗಳಿಗೆ ಒಂದೇ ಗಾಲ್ಫ್ ಪರೀಕ್ಷೆ ಕೊಟ್ಟರು. ‘ಇದು ಆಟದ ಬುದ್ಧಿಯ ಪರೀಕ್ಷೆ’ ಅಂದಾಗ ಕಪ್ಪು ವಿದ್ಯಾರ್ಥಿಗಳ ಆಟ ಕುಸಿಯಿತು. ‘ಹುಟ್ಟಿನಿಂದ ಬಂದ ಮೈ ಸಾಮರ್ಥ್ಯದ ಪರೀಕ್ಷೆ’ ಅಂದಾಗ ಬಿಳಿಯರ ಆಟ ಕುಸಿಯಿತು. ಪರೀಕ್ಷೆಗೆ ಮುಂಚೆ ಹೇಳಿದ ಒಂದು ವಾಕ್ಯ ಕೈ ನಡುಗಿಸಿತು. ಆದ್ದರಿಂದ ಅಭ್ಯಾಸದ ಮುಂಚೆ ‘ಇವತ್ತು ಇಂತಿಷ್ಟು ಪಾಸ್, ಇಂಥ ಜಾಗದಿಂದ’ ಅಂತ ಮಾತ್ರ ಹೇಳಿ. ಯಾರ ಗುಣ ಪರೀಕ್ಷೆ ಮಾಡುತ್ತೇವೆ ಅಂತ ಹೇಳಬೇಡಿ.

ಹೆಸರು ಅದಲುಬದಲು ಮಾಡಿ ಓದಿ

ಬರೆದದ್ದನ್ನು ಕಳಿಸುವ ಮುಂಚೆ ಇಬ್ಬರು ಆಟಗಾರರ ಹೆಸರು ಅದಲುಬದಲು ಮಾಡಿ ಜೋರಾಗಿ ಓದಿ. ಕಿವಿಗೆ ವಿಚಿತ್ರ ಅನ್ನಿಸಿದ ಸಾಲನ್ನು ತಿದ್ದಿ.

ಕ್ರಿಕೆಟ್‌ನ ರಿವರ್ಸ್ ಸ್ವಿಂಗ್, ಅಂದರೆ ಹಳೇ ಚೆಂಡನ್ನು ಎಂದಿನ ದಿಕ್ಕಿಗೆ ವಿರುದ್ಧವಾಗಿ ತಿರುಗಿಸುವ ಬೌಲಿಂಗ್, ಅದರ ಕಥೆ ನೆನಪಿಸಿಕೊಳ್ಳಿ. ಪಾಕಿಸ್ತಾನದ ಸರ್ಫರಾಜ್ ನವಾಜ್ ಬೆಳೆಸಿದ ವಿದ್ಯೆ ಅದು. 1992ರಲ್ಲಿ ವಾಸಿಮ್ ಅಕ್ರಂ, ವಕಾರ್ ಯೂನಿಸ್ ಹಳೇ ಚೆಂಡಿನಿಂದ ಇಂಗ್ಲೆಂಡ್‌ನ ಬ್ಯಾಟ್ಸ್‌ಮನ್‌ಗಳನ್ನು ಉರುಳಿಸಿದಾಗ ಅಲ್ಲಿನ ಪತ್ರಿಕೆಗಳಲ್ಲಿ ಮೋಸದ ಮಾತೇ ಮಾತು. 2005ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಆ್ಯಶಸ್ ಸರಣಿಯಲ್ಲಿ ಇಂಗ್ಲೆಂಡ್‌ನವರೇ ಆದ ಫ್ಲಿಂಟಾಫ್, ಸೈಮನ್ ಜೋನ್ಸ್ ಅದೇ ರಿವರ್ಸ್ ಸ್ವಿಂಗ್ ಮಾಡಿದಾಗ ಅದು ಕಲೆ, ಜಾಣ್ಮೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂದರೆ ಇದೇ. ಸಿಟ್ಟಿನ ವಿಷಯದಲ್ಲೂ ನೋಡಿ. ಅಂಪೈರ್ ಜೊತೆ ಒಬ್ಬರು ವಾದ ಮಾಡಿದರೆ ‘ಛಲ’, ಇನ್ನೊಬ್ಬರು ಮಾಡಿದರೆ ‘ಅಶಿಸ್ತು’.

‘ಆದರೆ ಕೀನ್ಯಾದವರು ಓಡ್ತಾರಲ್ಲ’ ಅಂದವರಿಗೆ ಏನು ಹೇಳುವುದು

ಈ ಪ್ರಶ್ನೆ ಖಂಡಿತ ಬರುತ್ತದೆ. ಜಗಳ ಮಾಡಬೇಡಿ. ಗೊತ್ತಿರುವ ವಿವರ ಹೇಳಿ.

ಕೀನ್ಯಾದ ದೂರದ ಓಟಗಾರರಲ್ಲಿ ಬಹುಪಾಲು ಕಲೆಂಜಿನ್ ಸಮುದಾಯದವರು, ರಿಫ್ಟ್ ಕಣಿವೆಯ ಕಡೆಯವರು. ಇಡೀ ಆಫ್ರಿಕಾ ಅಲ್ಲ, ಇಡೀ ಕೀನ್ಯಾವೂ ಅಲ್ಲ. ಅಲ್ಲಿನ ಇಟೆನ್ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಬೆಳಗಾಗುವ ಮುಂಚೆ ಗುಂಪು ಗುಂಪಾಗಿ ಮಣ್ಣಿನ ದಾರಿಯಲ್ಲಿ ಓಡುತ್ತಾರೆ. ಓಟ ಅಲ್ಲಿ ಹೊಟ್ಟೆಪಾಡಿನ ದಾರಿ. ಕಾಲಮ್ ಓಕಾನಲ್ ಎಂಬ ಐರಿಶ್ ಭೂಗೋಳದ ಮೇಷ್ಟ್ರು 1976ರಲ್ಲಿ ಅಲ್ಲಿನ ಶಾಲೆಗೆ ಬಂದರು. ಓಟದ ತರಬೇತಿ ಅವರು ಎಲ್ಲೂ ಕಲಿತಿರಲಿಲ್ಲ. ನೋಡಿ ನೋಡಿ ಕಲಿತು, ದಶಕಗಟ್ಟಲೆ ಕಲಿಸಿದರು. ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿದ ಡೇವಿಡ್ ರುಡಿಶಾ ಈ ಮೇಷ್ಟ್ರ ಶಿಷ್ಯ.

ಮೈಗೂ ಓಟಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಒಬ್ಬೊಬ್ಬರ ಮೈ ಒಂದೊಂದು ಥರ. ಆದರೆ ಚರ್ಮದ ಬಣ್ಣ ಅದನ್ನು ಹೇಳುವುದಿಲ್ಲ. ಆಫ್ರಿಕಾ ಖಂಡದ ಜನರೊಳಗೇ ಇರುವ ಜೀನ್‌ಗಳ ವೈವಿಧ್ಯ ಜಗತ್ತಿನ ಬೇರೆಲ್ಲ ಕಡೆಗಿಂತ ಜಾಸ್ತಿ. ಅಷ್ಟು ಜನರನ್ನು ‘ಕಪ್ಪು ಮೈ’ ಅನ್ನೋ ಒಂದೇ ಚೀಲಕ್ಕೆ ತುಂಬುವುದು ವಿಜ್ಞಾನ ಅಲ್ಲ.

ಗೆಲ್ಲುವವರು ಬದಲಾದ ಹಾಗೆ ಕಾರಣವೂ ಬದಲಾಗುತ್ತದೆ. 1920ರ ದಶಕದಲ್ಲಿ ದೂರದ ಓಟ ಅಂದರೆ ಫಿನ್ಲೆಂಡ್. ಪಾವೊ ನುರ್ಮಿ ಒಬ್ಬರೇ ಒಲಿಂಪಿಕ್ಸ್‌ನಲ್ಲಿ 9 ಚಿನ್ನ ಗೆದ್ದರು. ಆಗ ಫಿನ್ಲೆಂಡ್‌ನ ಜನರ ರಕ್ತದಲ್ಲೇ ಓಟ ಇದೆ ಅನ್ನುವವರಿದ್ದರು. 1930ರ ದಶಕದಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಯಹೂದಿ ಆಟಗಾರರು ಮುಂದಿದ್ದರು. ಈಗಿನ ಎನ್‌ಬಿಎ ತನ್ನ ಇತಿಹಾಸದ ಮೊದಲ ಬುಟ್ಟಿ ಅಂತ ಎಣಿಸುವುದು 1946ರ ನವೆಂಬರ್ 1ರಂದು ಆಸಿ ಶೆಕ್ಟ್‌ಮನ್ ಎಂಬ ಯಹೂದಿ ಆಟಗಾರ ಹಾಕಿದ್ದನ್ನು. ಯಹೂದಿಗಳು ಹುಟ್ಟಿನಿಂದಲೇ ತಂತ್ರಗಾರರು, ಅದಕ್ಕೇ ಈ ಆಟ ಅವರಿಗೆ ಒಗ್ಗುತ್ತದೆ ಅಂತ ಆ ಕಾಲದ ಕ್ರೀಡಾ ಬರಹಗಾರರು ಬರೆದರು. ಈಗ ಅದೇ ಬಾಸ್ಕೆಟ್‌ಬಾಲ್‌ಗೆ ಕಪ್ಪು ಮೈಯೇ ಬೇಕು ಅನ್ನುತ್ತಾರೆ. ಆಟ ಅದೇ, ಬುಟ್ಟಿಯ ಎತ್ತರವೂ ಅದೇ ಹತ್ತು ಅಡಿ.

ಬಾಯಿ ತಪ್ಪಿದಾಗ

ನೇರ ಪ್ರಸಾರದಲ್ಲಿ ಬಾಯಿ ತಪ್ಪುತ್ತದೆ. ನನಗೆ ಈಗಲೂ ತಪ್ಪುತ್ತದೆ. ಆಗ ಉದ್ದ ಕ್ಷಮೆ ಬೇಡ, ಮರುಪ್ರದರ್ಶನಕ್ಕೆ ಕಾಯಿರಿ. ‘ಆ ಓಟವನ್ನು ಇನ್ನೊಮ್ಮೆ ಹೇಳುತ್ತೇನೆ, ಆಗ ಸರಿಯಾಗಿ ಹೇಳಲಿಲ್ಲ’ ಅಂದು, ಕಂಡದ್ದನ್ನು ಹೇಳಿ ಮುಂದೆ ಹೋಗಿ. ಜೊತೆಗಾರರ ಬಾಯಿಂದ ಬಂದರೆ ಅವರನ್ನು ಕೇಳುಗರ ಮುಂದೆ ತಿದ್ದಬೇಡಿ. ಬಿಟ್ಟುಹೋದ ಅರ್ಧವನ್ನು ನೀವು ಸೇರಿಸಿ: ‘ಅವರು ಹೊರಟದ್ದು ಯಾವಾಗ ನೋಡಿ ಸರ್, ಡಿಫೆಂಡರ್ ತಿರುಗುವ ಮುಂಚೆ.’ ವಿರಾಮದಲ್ಲಿ, ಮೈಕ್ ಆಫ್ ಆದ ಮೇಲೆ, ಉಳಿದದ್ದನ್ನು ಮಾತಾಡಿ. ಅವಹೇಳನದ ಮಾತಾದರೆ ಮಾತ್ರ ಕಾಯಬಾರದು. ಅಲ್ಲೇ ‘ಈ ಮಾತು ತಪ್ಪು’ ಅಂತ ಹೇಳಬೇಕು.

ನಾಲ್ಕು ಮನೆಯ ಹಾಳೆಯನ್ನು ನಾನು ಆರು ವಾರಕ್ಕೊಮ್ಮೆ ತೆಗೆಯುತ್ತೇನೆ. ಕಳೆದ ಸಲ ಮೈ, ತಲೆ ಎರಡೂ ಹೆಚ್ಚುಕಡಿಮೆ ಸಮ ಇದ್ದವು. ದುಡಿಮೆ ಮನೆಯಲ್ಲಿ ಮಾತ್ರ ಕಪ್ಪು ಆಟಗಾರರ ಹೆಸರು ಒಂದೂ ಇರಲಿಲ್ಲ. ಅಭ್ಯಾಸವನ್ನು ನಾನು ನೋಡಿರಲಿಲ್ಲ, ಊಹೆಯಲ್ಲೇ ಬರೆದಿದ್ದೆ. ಅದಕ್ಕೆ ಈಗ ಪಂದ್ಯಕ್ಕೆ ಒಂದು ಗಂಟೆ ಮುಂಚೆ ಹೋಗುತ್ತೇನೆ. ಮೈದಾನಕ್ಕೆ ಯಾರು ಮೊದಲು ಇಳಿದರು, ಯಾರು ಕೊನೆಗೆ ಹೊರಟರು, ಮಧ್ಯೆ ಏನೇನು ಮಾಡಿದರು, ಎಲ್ಲ ಬರೆದುಕೊಳ್ಳುತ್ತೇನೆ. ಮೊನ್ನೆ ಒಬ್ಬ ವಿಂಗರ್ ಎಲ್ಲರೂ ಒಳಗೆ ಹೋದ ಮೇಲೂ ಎಡಗಾಲಿನಲ್ಲಿ ನಲವತ್ತು ಕ್ರಾಸ್ ಹೊಡೆದರು. ಎಣಿಸಿದ್ದೇನೆ.